ಸಹಿಗೆ ಮೊದಲು ಓದುವ ಹಾಳೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ನ್ಯಾಯಾಲಯದ ದೊಡ್ಡ ಗೇಟಿಗೆ ಹಾಕಿದ ಸರಪಳಿ ಹಾಗೇ ಇದೆ. ಪಕ್ಕದ ಚಿಕ್ಕ ಬಾಗಿಲನ್ನು ಕಸ ಗುಡಿಸುವಾಕೆ ಈಗಷ್ಟೇ ತೆರೆದಿದ್ದಾಳೆ. ಅದರೊಳಗಿಂದ ತಲೆ ತಗ್ಗಿಸಿ ಬರುವ ಹೆಂಗಸಿನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ. ಮೂರನೇ ಕೋರ್ಟ್ ಹಾಲಿನ ಹೊರಗಿರುವ ಮರದ ಬೆಂಚಿನ ಬಳಿ ನಿಂತು, ಚೀಲದಿಂದ ಒದ್ದೆ ಬಟ್ಟೆ ತೆಗೆದು ಒರೆಸತೊಡಗುತ್ತಾರೆ. ಕೂರುವ ಹಲಗೆಯನ್ನು ಮಾತ್ರವಲ್ಲ, ಕೂತವರು ಬೆರಳಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳುವ ಅದರ ಅಂಚನ್ನೂ. ಬೆಂಚಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಿಸಿಟ್ಟಿದ್ದ ರಟ್ಟು ಸವೆದು ಹೋಗಿದೆ. ಬಗ್ಗಿ ಹಳೆಯದನ್ನು ಎಳೆದು, ಹೊಸ ರಟ್ಟು ತುರುಕಿ, ಕೈಯಿಂದ ಒತ್ತಿ ಅಲ್ಲಾಡಿಸಿ ನೋಡುತ್ತಾರೆ. ಅಲ್ಲಾಡುವುದಿಲ್ಲ.

“ಕೂತವರೇ ನಡುಗ್ತಿರ್ತಾರೆ. ಬೆಂಚೂ ಯಾಕೆ ನಡುಗಬೇಕು,” ಎನ್ನುತ್ತಾರೆ, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತ.

ಇಡೀ ಕಟ್ಟಡ ಇವರನ್ನು ಕರೆಯುವುದು ಹಾಳೆಯಮ್ಮ ಎಂದು. ವಯಸ್ಸು ಐವತ್ತೆಂಟು. ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತೆ. ಕಚೇರಿ ಇರುವುದು ನೆಲಮಹಡಿಯಲ್ಲಿ, ಮೆಟ್ಟಿಲಿನ ಅಡಿಯ ಇಳಿಜಾರು ಸೂರಿನ ಕೋಣೆಯಲ್ಲಿ. ಎತ್ತರದವರು ಬಂದರೆ ತಲೆ ಜೋಪಾನ ಎಂದು ಹೇಳುವುದು ಇಲ್ಲಿನ ಮೊದಲ ಮಾತು. ಸ್ವಂತ ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಸರ್ಕಾರವೇ ಕೊಡುವ ವಕೀಲರ ಕಡತಗಳನ್ನು ಹೊಲಿದು, ಪುಟಕ್ಕೆ ನಂಬರು ಹಾಕಿ, ತಾರೀಖು ತಪ್ಪದಂತೆ ನೋಡಿಕೊಳ್ಳುವುದು ಇವರ ಕೆಲಸ. ಇವರ ಮೇಜಿಗೆ ಬರುವುದು ಒಂದೇ ಬಗೆಯ ಕಡತ, ಬಂದೂಕಿನದು. ಪರವಾನಗಿ ಮುಗಿದಿದ್ದರೂ ಮನೆಯಲ್ಲಿಟ್ಟುಕೊಂಡವರು, ಪರವಾನಗಿಯೇ ಇಲ್ಲದವರು, ಗೆಳೆಯನ ಗಾಡಿಯಲ್ಲಿ ಕೂತಿದ್ದಕ್ಕೆ ಸಿಕ್ಕಿಬಿದ್ದವರು, ತೀರಿಹೋದ ಅಪ್ಪನದನ್ನು ನೆನಪಿಗೆಂದು ಗೋಡೆಗೆ ನೇತುಹಾಕಿದವರು. ಇವರಲ್ಲಿ ಯಾರೂ ಗುಂಡು ಹಾರಿಸಿದವರಲ್ಲ. ಹಾರಿಸಿದವರ ಕಡತ ಮೇಲಿನ ಮಹಡಿಗೆ ಹೋಗುತ್ತದೆ.

ಇಂಥ ಮೊಕದ್ದಮೆಗಳು ಹೆಚ್ಚಾಗಿ ಒಂದೇ ರೀತಿ ಮುಗಿಯುತ್ತವೆ. ಆರೋಪಿ ತಪ್ಪು ಒಪ್ಪಿಕೊಂಡು ಒಂದು ಅರ್ಜಿಗೆ ಸಹಿ ಹಾಕಿದರೆ ಸರ್ಕಾರಿ ವಕೀಲರು ದೊಡ್ಡ ಶಿಕ್ಷೆ ಕೇಳುವುದಿಲ್ಲ. ಕೋರ್ಟ್ ಏಳುವವರೆಗೆ ಕೂರುವುದು, ಅಷ್ಟೇ ಶಿಕ್ಷೆ. ಎಂದರೆ ಸಂಜೆ ನ್ಯಾಯಾಧೀಶರು ಪೀಠ ಬಿಟ್ಟು ಏಳುವತನಕ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದು ಮನೆಗೆ ಹೋಗಬಹುದು. ಒಪ್ಪದೆ ವಾದಕ್ಕಿಳಿದರೆ ಎರಡು ವರ್ಷವೋ ಮೂರು ವರ್ಷವೋ ಓಡಾಟ, ಸೋತರೆ ಕಡಿಮೆಯೆಂದರೂ ಒಂದು ವರ್ಷ ಜೈಲು. ಕಚೇರಿಯ ವಕೀಲರ ಕೈಯಲ್ಲಿ ಈ ತಿಂಗಳು ನೂರ ಅರವತ್ತೆರಡು ಕಡತಗಳಿವೆ. ಒಬ್ಬೊಬ್ಬ ಆರೋಪಿಯ ಜೊತೆ ಮಾತಾಡಲು ಅವರಿಗೆ ಸಿಗುವುದು ನಾಲ್ಕು ನಿಮಿಷ. ಸಂಜೆ ಮನೆಗೆ ಹೋಗಬಹುದು ಎಂಬುದನ್ನು ಹೇಳಿ ನಂಬಿಸುವಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತದೆ.

ಆ ಸಂಜೆಯ ಆಚೆಗೆ ಏನಿದೆ ಎಂಬುದು ಹಾಳೆಯಮ್ಮನ ಹಾಳೆಯಲ್ಲಿದೆ. ಎರಡೂ ಮಗ್ಗುಲಿಗೆ ಬೆರಳಚ್ಚು ಮಾಡಿದ ಒಂದೇ ಹಾಳೆ. ಮೇಲೆ ‘ಶಿಕ್ಷೆ ಮುಗಿದ ಮೇಲೆ’ ಎಂಬ ತಲೆಬರಹ. ಕೆಳಗೆ ಇಪ್ಪತ್ತಮೂರು ಸಾಲು. ಸಹಿ ಹಾಕುವ ಮೊದಲು ಪ್ರತಿಯೊಬ್ಬರನ್ನೂ ಈ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿ ಹೇಳುತ್ತಾರೆ. ಹನ್ನೊಂದು ನಿಮಿಷ ಬೇಕು. ಯಾರೂ ಹೇಳಿದ ಕೆಲಸವಲ್ಲ, ಯಾವ ಆದೇಶದಲ್ಲೂ ಇಲ್ಲ. ಹಾಗಾಗಿಯೇ ಕಡತ ಹೊಲಿಯುವ ಕೆಲಸವನ್ನು ಬೆಳಗಿನ ಆರಕ್ಕೇ ಬಂದು ಮುಗಿಸಿಬಿಡುತ್ತಾರೆ. ಹತ್ತಕ್ಕೆ ಕೋರ್ಟ್ ಶುರುವಾದರೆ ದಿನಕ್ಕೆ ಆರೇಳು ಜನರಿಗೆ ಓದಬೇಕಾಗುತ್ತದೆ. ಹೋದ ವರ್ಷ ಒಂದು ಸಾವಿರದ ಮುನ್ನೂರಕ್ಕೂ ಮೇಲೆ ಸಲ ಓದಿದ್ದಾರೆ. ಗಂಟಲಿಗೆಂದು ಬಿಸಿನೀರಿನ ಫ್ಲಾಸ್ಕ್ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತಿಲ್ಲ, ಐದು ಜೊತೆ ಕನ್ನಡಕಗಳಿವೆ. ಬೇರೆ ಬೇರೆ ನಂಬರಿನವು, ಒಂದಕ್ಕೆ ದಾರ ಕಟ್ಟಿದೆ. ಕೋರ್ಟಿಗೆ ಬರುವ ಗಾಬರಿಯಲ್ಲಿ ವಯಸ್ಸಾದವರು ಕನ್ನಡಕ ಮರೆತು ಬರುತ್ತಾರೆ. ಕನ್ನಡಕ ಇಲ್ಲ ಎನ್ನುವುದು ಓದದೆ ಸಹಿ ಹಾಕಲು ಒಳ್ಳೆಯ ನೆಪ ಎನ್ನುವುದು ಹಾಳೆಯಮ್ಮನಿಗೆ ಅನುಭವದಿಂದ ಗೊತ್ತು. “ಓದಿ ಹೇಳಿದ್ದನ್ನ ಕಿವಿ ಕೇಳುತ್ತೆ, ಆದ್ರೆ ನಂಬೋದು ಕಣ್ಣು,” ಎನ್ನುತ್ತಾರೆ. ಡಬ್ಬಿಯನ್ನು ನೋಡಿದಾಗಲೆಲ್ಲ ಹೆಸರು ಕೂಗುವ ಜವಾನ ನಗುತ್ತಾನೆ. ಔಷಧಿ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯನ್ನು ಪೂರ್ತಿ ಓದುವವರು ಭೂಮಿ ಮೇಲೆ ಇವರೊಬ್ಬರೇ, ಅದೂ ಬೇರೆಯವರಿಗೋಸ್ಕರ ಎಂಬುದು ಅವನ ಹಳೆಯ ತಮಾಷೆ. ಆದರೂ ಓದುವುದು ಮುಗಿದಿಲ್ಲ ಎಂದು ಕಂಡರೆ ಅವನು ಮುಂದಿನ ಹೆಸರನ್ನು ಮೊದಲು ಕೂಗುತ್ತಾನೆ. ಅದು ಅವನು ಯಾರಿಗೂ ಹೇಳದ ಸಹಾಯ.

ಹಾಳೆಯ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ. ಶಿಕ್ಷೆ ಅನುಭವಿಸಿ ಮುಗಿಸಿ, ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಕೈಯಲ್ಲಿ ಒಂದು ಪತ್ರ ಹಿಡಿದುಕೊಂಡು ಮೆಟ್ಟಿಲಿನ ಅಡಿಯ ಕೋಣೆಗೆ ವಾಪಸ್ ಬಂದವರು ಅವರು. ಮಕ್ಕಳ ಹಾಸ್ಟೆಲಿನ ಅಡುಗೆಯವನು ಬಂದದ್ದರಿಂದ ಆರನೇ ಸಾಲು ಬಂತು. ಬಾಡಿಗೆ ಮನೆಯ ಅರ್ಜಿಯಲ್ಲಿದ್ದ, ಹಿಂದೆ ಶಿಕ್ಷೆಯಾಗಿದೆಯೇ ಎಂಬ ಒಂದು ಕಾಲಮ್ಮಿನಿಂದ ಎಂಟನೆಯದು. ದಾದಿಯರ ತರಬೇತಿಗೆ ಸೀಟು ಸಿಕ್ಕು ಕಡೇ ದಿನ ಕೈತಪ್ಪಿದವಳಿಂದ ಹನ್ನೆರಡನೆಯದು. ಗಡಿಯಾಚೆ ಸಾಯುತ್ತಿದ್ದ ತಂಗಿಯನ್ನು ನೋಡಲು ವೀಸಾ ಸಿಗದೆ, ಸತ್ತ ಮೇಲೂ ಸಿಗದೆ, ಇಲ್ಲೇ ಈ ಬೆಂಚಿನ ಮೇಲೆ ಎರಡು ಗಂಟೆ ಕೂತು ಎದ್ದುಹೋದ ದರ್ಜಿಯಿಂದ ಹದಿನೇಳನೆಯದು. ಯಾರಾದರೂ ಹೊಸ ಸಂಗತಿ ತಂದರೆ ಮೊದಲು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ. ಆಯಾ ಇಲಾಖೆಗೆ ಕಾಗದ ಹಾಕಿ, ನಿಯಮ ಹೌದೆಂದು ಖಚಿತವಾದ ಮೇಲೆ ಬೆರಳಚ್ಚಿಗೆ ಏರಿಸುತ್ತಾರೆ. ಅಕ್ಕಪಕ್ಕದವರು ಮಾತು ಬಿಟ್ಟರು, ಮಗಳ ಸಂಬಂಧ ಮುರಿಯಿತು ಎಂಬಂಥವು ಹಾಳೆಯಲ್ಲಿಲ್ಲ. ಅವಕ್ಕೆ ಪುಸ್ತಕದಲ್ಲಿ ಕಲಂ ಇಲ್ಲ ಎನ್ನುತ್ತಾರೆ. ಹಾಕಿದ್ದರೆ ಹಾಳೆ ಒಂದಕ್ಕೆ ಮುಗಿಯುತ್ತಿರಲಿಲ್ಲ.

ಕೇಳಿದವರೆಲ್ಲ ಸಹಿ ಹಾಕದೆ ಉಳಿಯುತ್ತಾರೆ ಎಂದುಕೊಂಡರೆ ತಪ್ಪು. ಹತ್ತರಲ್ಲಿ ಎಂಟು ಜನ ಹಾಕುತ್ತಾರೆ. ಹೋದ ವಾರ ಒಬ್ಬ ಲಾರಿ ಚಾಲಕ ಇಪ್ಪತ್ತಮೂರು ಸಾಲನ್ನೂ ತಲೆಯಾಡಿಸುತ್ತ ಕೇಳಿದ. ಒಂಬತ್ತನೆಯದು, ಯಾವುದೇ ಶೂಟಿಂಗ್ ಕ್ಲಬ್ಬಿನ ಸದಸ್ಯನಾಗುವಂತಿಲ್ಲ ಎನ್ನುವುದು. ಅದು ಬಂದಾಗ ಅವನಿಗೆ ನಗು ತಡೆಯಲಿಲ್ಲ. ಅದೊಂದು ಬಾಕಿ ಇತ್ತು ನನ್ನ ಬಾಳಿಗೆ ಎಂದ. ಕೊನೆಯಲ್ಲಿ, ನೀವು ಓದಿದ್ದೆಲ್ಲ ನಿಜ ಅಮ್ಮ, ಆದರೆ ನಾಳೆ ಬೆಳಿಗ್ಗೆ ಲಾರಿ ಹೊರಡಬೇಕು ಎಂದು ಹೇಳಿ ಪೆನ್ನು ಕೇಳಿದ. ಹಾಳೆಯಮ್ಮ ತಡೆಯಲಿಲ್ಲ. ತಡೆಯುವುದು ತಮ್ಮ ಕೆಲಸವಲ್ಲ ಎಂದು ಅವರು ನಿರ್ಧರಿಸಿ ಹದಿನೇಳು ವರ್ಷವಾಗಿದೆ.

ಹಾಳೆಯನ್ನು ಓದುವಾಗ ಅವರದೊಂದು ಕ್ರಮವಿದೆ. ಎರಡನೇ ಸಾಲಿನಿಂದ ಶುರುಮಾಡಿ ಇಪ್ಪತ್ತಮೂರರವರೆಗೆ ತಾವೇ ಓದುತ್ತಾರೆ. ಆಮೇಲೆ ಹಾಳೆಯನ್ನು ಕೇಳುವವರ ಕೈಗೆ ಕೊಟ್ಟು, ಮೊದಲನೆಯದನ್ನು ನೀವೇ ಓದಿಕೊಳ್ಳಿ ಎನ್ನುತ್ತಾರೆ. ಅದರಲ್ಲಿರುವುದು ಇಷ್ಟು: ‘ಸಮವಸ್ತ್ರ ತೊಡುವ ಯಾವ ಕೆಲಸವೂ ಇನ್ನು ಮುಂದೆ ಸಿಗುವುದಿಲ್ಲ. ಈಗಿರುವ ಸಮವಸ್ತ್ರವನ್ನು ಎರಡು ದಿನದೊಳಗೆ ಹಿಂದಿರುಗಿಸಬೇಕು.’

ಈ ಸಾಲು ಅವರ ತಮ್ಮನದು.

ಹತ್ತೊಂಬತ್ತು ವರ್ಷದ ಹಿಂದೆ ಆತ ಒಂದು ಬ್ಯಾಂಕಿನ ಕಾವಲುಗಾರ. ಸ್ವಂತ ಬಂದೂಕು, ಸ್ವಂತ ಪರವಾನಗಿ ಇದ್ದವರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಿ ಹದಿನಾರು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗೆದ್ದ ಮನುಷ್ಯನಿಗೆ ಪರವಾನಗಿಯ ಕಡೇ ತಾರೀಖು ನೆನಪಿನಿಂದ ಜಾರಿತು. ಒಂಬತ್ತು ದಿನ ಮೀರಿತ್ತು. ಹತ್ತನೇ ದಿನ ತಪಾಸಣೆಯವರು ಬಂದರು. ಹೋರಾಡಲು ಆಧಾರವಿತ್ತು. ಆಸ್ಪತ್ರೆಯ ಚೀಟಿಗಳಿದ್ದವು, ಹತ್ತು ವರ್ಷ ಒಂದು ದಿನವೂ ತಪ್ಪದೆ ನವೀಕರಿಸಿದ ದಾಖಲೆಯಿತ್ತು. ವಾದಕ್ಕೆ ಹೋಗೋಣ ಎಂದೇ ಆತ ಅಕ್ಕನ ಹತ್ತಿರ ಬಂದದ್ದು. ಮನೆಯವರಲ್ಲಿ ಕೋರ್ಟಿನ ಒಳಹೊರಗು ಗೊತ್ತಿದ್ದದ್ದು ಅಕ್ಕನಿಗೊಬ್ಬಳಿಗೇ.

ಅಕ್ಕ ಬೇಡವೆಂದರು. ಎರಡು ವರ್ಷ ಯಾರು ಅಲೆಯುತ್ತಾರೆ, ಒಪ್ಪಿಕೊಂಡುಬಿಡು, ಸಂಜೆಯೊಳಗೆ ಮನೆಯಲ್ಲಿರುತ್ತೀಯ ಎಂದರು. ದಿನವೂ ಇದೇ ಕಟ್ಟಡದಲ್ಲಿ ಕೂತು, ಹತ್ತು ವರ್ಷದ ಶಿಕ್ಷೆ, ಜೀವಾವಧಿ ಶಿಕ್ಷೆ ಎಂಬ ಮಾತುಗಳನ್ನೇ ಕೇಳುವವರಿಗೆ ಒಂದು ಹಗಲಿನ ಶಿಕ್ಷೆ ಶಿಕ್ಷೆಯಂತೆ ಕಾಣುವುದಿಲ್ಲ. ಹೊರಗಿನವರು ಯಾರಾದರೂ ಆಗಿದ್ದರೆ ಹೆದರಿ ನಾಲ್ಕು ಪ್ರಶ್ನೆ ಕೇಳುತ್ತಿದ್ದರೇನೋ. ಒಳಗಿನವರಾದ್ದರಿಂದ ಅವರು ಕೇಳಲಿಲ್ಲ. ತಮ್ಮ ಸಹಿ ಹಾಕಿದ. ಪೆನ್ನು ಅಕ್ಕನದೇ.

ಆ ದಿನ ಆತ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಮಧ್ಯಾಹ್ನ ಅಕ್ಕ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಚಹಾ ತಂದುಕೊಟ್ಟರು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಹಾಗಿದೆ, ಒಂದೇ ವ್ಯತ್ಯಾಸ ಅಂದರೆ ಆಗ ನೀನು ಚಹಾ ತಂದುಕೊಡುತ್ತಿರಲಿಲ್ಲ ಎಂದು ತಮ್ಮ ತಮಾಷೆ ಮಾಡಿದ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸಂಜೆ ಐದೂಹತ್ತಕ್ಕೆ ನ್ಯಾಯಾಧೀಶರು ಎದ್ದರು, ಶಿಕ್ಷೆ ಮುಗಿಯಿತು. “ಆ ನಗು ಇದೆಯಲ್ಲ, ಅದೊಂದು ನನ್ನ ಎದೆಯಿಂದ ಇಳಿಯಲ್ಲ,” ಎನ್ನುತ್ತಾರೆ ಹಾಳೆಯಮ್ಮ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ನೀರು ಕುಡಿಯುವುದಿಲ್ಲ, ಮತ್ತೆ ಮುಚ್ಚುತ್ತಾರೆ.

ಮೂರನೇ ದಿನ ಬ್ಯಾಂಕಿನಿಂದ ಪತ್ರ ಬಂತು. ತಮ್ಮ ಸಮವಸ್ತ್ರವನ್ನು ಒಗೆದು, ಇಸ್ತ್ರಿ ಹಾಕಿ, ಗುಂಡಿಗಳನ್ನು ಉಜ್ಜಿ ಹೊಳಪು ಮಾಡಿ ವಾಪಸ್ ಕೊಟ್ಟ. ಏಳು ವಾರಕ್ಕೆ ಬ್ಯಾಂಕಿನ ವಸತಿ ಬಿಡಬೇಕಾಯಿತು. ಆಮೇಲೆ ಆಸ್ಪತ್ರೆಯ ಕಾವಲು, ಬಸ್ಸಿನ ಕಂಡಕ್ಟರ್, ಶಾಲೆಯ ಗೇಟು, ಲಿಫ್ಟಿನವನ ಕೆಲಸ ಎಂದು ಆತ ಅರ್ಜಿ ಹಾಕಿದಲ್ಲೆಲ್ಲ ಒಂದೇ ಕಾಲಮ್ಮು, ಅದಕ್ಕೆ ಒಂದೇ ಉತ್ತರ. ಒಂದೂವರೆ ವರ್ಷದ ಮೇಲೆ ಒಂದು ದಿನ ಆತ ಈ ಕೋಣೆಗೆ ಬಂದ. ಜಗಳಕ್ಕೆ ಬಂದಿರಲಿಲ್ಲ. ಬಂದವನು ಒಂದೇ ಮಾತು ಹೇಳಿದ, ಅದೂ ಅಕ್ಕನನ್ನು ಸಮಾಧಾನ ಮಾಡುವ ದನಿಯಲ್ಲಿ.

“ಸಂಜೆವರೆಗಿನದ್ದು ನೀನು ಸರಿಯಾಗೇ ಹೇಳಿದ್ದೆ ಅಕ್ಕ.”

ಆ ವಾರವೇ ಹಾಳೆಯ ಮೊದಲ ಸಾಲು ಬೆರಳಚ್ಚಾಯಿತು. ಆಗ ಅದೊಂದೇ ಸಾಲಿತ್ತು.

ಹಾಳೆಗೆ ವಿರೋಧವೂ ಕಡಿಮೆಯಿರಲಿಲ್ಲ. ಹಿಂದಿನ ಒಬ್ಬ ಸರ್ಕಾರಿ ವಕೀಲರು, ಗುಮಾಸ್ತೆ ಆರೋಪಿಗಳ ತಲೆ ಕೆಡಿಸುತ್ತಾಳೆ ಎಂದು ದೂರು ಕೊಟ್ಟರು. ಒಬ್ಬ ನ್ಯಾಯಾಧೀಶರು ತಮ್ಮ ಕೋಣೆಗೆ ಕರೆಸಿ, ಯಾರ ಅಪ್ಪಣೆ ಎಂದು ಕೇಳಿದರು. ಅಪ್ಪಣೆ ಯಾರದೂ ಇಲ್ಲ ಎಂದು ಹೇಳಿ ಹಾಳೆಯನ್ನು ಅವರ ಮುಂದಿಟ್ಟು, ಇದರಲ್ಲಿ ಸುಳ್ಳು ಯಾವುದು ಎಂದು ತೋರಿಸಿದರೆ ಅಳಿಸುತ್ತೇನೆ ಎಂದರಂತೆ. ಅವರು ಎರಡು ಸಲ ಓದಿದರು. ಹದಿನೈದನೇ ಸಾಲಿನಲ್ಲಿದ್ದ ಒಂದು ತಾರೀಖನ್ನು ತಿದ್ದಿ ವಾಪಸ್ ಕೊಟ್ಟರು. ಆಮೇಲೆ ಯಾರೂ ಕರೆಸಲಿಲ್ಲ. ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕಚೇರಿಯ ಈಗಿನ ವಕೀಲರು ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. “ನಾನು ಕೇಸು ನಡೆಸ್ತೀನಿ, ಇವರು ಮನುಷ್ಯನನ್ನ ನೋಡ್ಕೋತಾರೆ,” ಎನ್ನುತ್ತಾರೆ. ಹಾಗೆಂದವರೇ ಕೈಗಡಿಯಾರವನ್ನೂ ನೋಡುತ್ತಾರೆ.

ಈ ದಿನದ ಪಟ್ಟಿಯಲ್ಲಿ ಬಂದೂಕಿನವು ಆರು. ನಾಲ್ಕನೆಯದು ಒಬ್ಬ ಅಜ್ಜಿಯದು.

ಅಜ್ಜಿಗೆ ಅರವತ್ತಮೂರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಒಣಗಿಸುವ ಕೆಲಸ. ಅಂಗೈಯ ಚರ್ಮ ಸೋಪಿನ ನೀರಿಗೆ ಬಿಳಿಚಿ ಸುಕ್ಕಾಗಿದೆ. ಮಗಳು ತೀರಿಕೊಂಡ ಮೇಲೆ ಏಳು ವರ್ಷದ ಮೊಮ್ಮಗಳು ಇವರ ಜೊತೆಗಿದ್ದಾಳೆ. ಕೋರ್ಟೇ ಇವರನ್ನು ಪೋಷಕಿಯೆಂದು ನೇಮಿಸಿದೆ. ಮೂರು ತಿಂಗಳ ಹಿಂದೆ ಇವರಿರುವ ಕಟ್ಟಡದಲ್ಲಿ ಸೈಕಲ್‌ಗಳು ಕಳುವಾದವು. ಪೊಲೀಸರು ಒಂದೊಂದು ಮನೆಯ ಅಟ್ಟವನ್ನೂ ಶೋಧಿಸಿದರು. ಸೈಕಲ್ ಸಿಗಲಿಲ್ಲ. ಅಜ್ಜಿಯ ಅಟ್ಟದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆಯಲ್ಲಿ ಹಳೆಯ ಕಂಬಳಿ, ಕಂಬಳಿಯೊಳಗೆ ಬಂದೂಕು. ನಾಲ್ಕು ವರ್ಷದ ಹಿಂದೆ ತೀರಿಹೋದ ಗಂಡನದು, ಅವರಿಗೆ ಅವರ ಅಪ್ಪನಿಂದ ಬಂದದ್ದು. ಗಂಡನ ಹಳೆಯ ಬೂಟು, ರೇಡಿಯೋ ಬಿಡಿಭಾಗ ಅದರಲ್ಲಿವೆ ಎಂದೇ ಅಜ್ಜಿ ತಿಳಿದಿದ್ದರು. ಕೀಲಿ ಗಂಡನ ಜೊತೆಗೇ ಎಲ್ಲೋ ಹೋಗಿತ್ತು.

ಒಂಬತ್ತೂವರೆಗೆ ಅಜ್ಜಿ ಬಂದರು. ಕೆಲಸದ ನೀಲಿ ಅಂಗಿಯ ಮೇಲೆಯೇ ಸ್ವೆಟರ್. ಶಾಲೆ ಬಿಡುವುದು ಮೂರೂಮುಕ್ಕಾಲಕ್ಕೆ, ಅಷ್ಟರಲ್ಲಿ ಮುಗಿಯುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ವಕೀಲರು ನಾಲ್ಕು ನಿಮಿಷದಲ್ಲಿ ಹೇಳಬೇಕಾದ್ದನ್ನು ಹೇಳಿದರು. ಒಪ್ಪಿಕೊಂಡರೆ ಇವತ್ತೇ ಮುಗಿಯುತ್ತದೆ, ಸಂಜೆ ಮನೆ. ಒಪ್ಪದಿದ್ದರೆ ವಿಚಾರಣೆ, ಅದರ ಕೊನೆ ಹೇಗೋ ಹೇಳಲಾಗದು. ಪಕ್ಕದ ಮನೆಯವರಿಗೆ ಹೇಳಿ ಹುಡುಗಿಯನ್ನು ಒಂದು ದಿನ ಶಾಲೆಯಿಂದ ಕರೆಸಿಕೊಂಡರಾಯಿತು ಎಂದು ಅಜ್ಜಿ ಹಗುರಾದರು. ಎಲ್ಲಿ ಸಹಿ ಎಂದು ಕೇಳಿದರು.

ಹಾಳೆಯಮ್ಮ ಅವರ ತೋಳು ಹಿಡಿದು ಬೆಂಚಿಗೆ ಕರೆತಂದು ಕೂರಿಸುತ್ತಾರೆ. ಕನ್ನಡಕ ಇಲ್ಲ ಎನ್ನುತ್ತಾರೆ ಅಜ್ಜಿ. ಬಿಸ್ಕತ್ತಿನ ಡಬ್ಬಿ ತೆರೆಯುತ್ತದೆ. ಮೊದಲನೆಯದು ಮಸುಕು, ಎರಡನೆಯದು ತಲೆ ತಿರುಗಿಸುತ್ತದೆ, ದಾರ ಕಟ್ಟಿದ್ದು ಸರಿಹೋಗುತ್ತದೆ. ಓದು ಶುರುವಾಗುತ್ತದೆ. ಎರಡು, ಮೂರು, ನಾಲ್ಕು. ತನಗೆ ಸಂಬಂಧವಿಲ್ಲದ ಸಾಲು ಬಂದಾಗ ಅಜ್ಜಿ ಸೌಜನ್ಯಕ್ಕೆಂಬಂತೆ ಹೂಂಗುಟ್ಟುತ್ತಾರೆ. ಹೊರದೇಶಕ್ಕೆ ಹೋಗುವುದು ಕಷ್ಟ ಎಂದಾಗ, ನಾನು ಬಸ್‌ಸ್ಟ್ಯಾಂಡ್ ದಾಟಿ ಎಷ್ಟು ವರ್ಷವಾಯಿತೋ ಎನ್ನುತ್ತಾರೆ. ಹದಿಮೂರು ಮುಗಿಯುತ್ತದೆ. ಹಾಳೆಯಮ್ಮನ ದನಿ ಇಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹದಿನಾಲ್ಕನೇ ಸಾಲನ್ನು ಬೆರಳಿಟ್ಟು ಓದುತ್ತಾರೆ. ಆಯುಧದ ಅಪರಾಧ ಸಾಬೀತಾದವರು ಅಪ್ರಾಪ್ತ ಮಕ್ಕಳ ಪೋಷಕರಾಗಿ ಮುಂದುವರಿಯುವಂತಿಲ್ಲ. ಪೋಷಕತ್ವ ಮುಂದಿನ ಪರಿಶೀಲನೆಯ ದಿನವೇ ರದ್ದಾಗುತ್ತದೆ.

ಅಜ್ಜಿ ಹೂಂಗುಟ್ಟುವುದಿಲ್ಲ. “ಅದನ್ನ ಇನ್ನೊಂದ್ಸಲ ಓದಿ,” ಎನ್ನುತ್ತಾರೆ.

ಇನ್ನೊಮ್ಮೆ ಓದುತ್ತಾರೆ. ಅಜ್ಜಿ ಹಾಳೆಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ತಾವೇ ಓದುತ್ತಾರೆ, ತುಟಿ ಆಡಿಸುತ್ತ.

“ಸಂಜೆ ಮನೆಗೆ ಹೋಗ್ಬಹುದು ಅಂದ್ರಲ್ಲ ವಕೀಲ್ರು?”

“ಹೋಗ್ಬಹುದು. ಮಗು ಎಷ್ಟು ದಿನ ಇರ್ತಾಳೆ ಅನ್ನೋದು ಇದರಲ್ಲಿರೋದು.”

“ಪರಿಶೀಲನೆ ಯಾವಾಗ ಅಂತ ಗೊತ್ತಾ?”

“ನಿಮ್ಮ ಕಡತದಲ್ಲಿ ಆರು ವಾರ ಅಂತಿದೆ ಅಮ್ಮ.”

ಅಜ್ಜಿ ಬೆಂಚಿನ ಅಂಚನ್ನು ಹಿಡಿದುಕೊಳ್ಳುತ್ತಾರೆ. ಹಾಳೆಯಮ್ಮ ಉಳಿದ ಒಂಬತ್ತು ಸಾಲನ್ನೂ ಓದುತ್ತಾರೆ. ಓದಲೇಬೇಕು. ಮನುಷ್ಯರು ಅರ್ಧಕ್ಕೇ ಕುಸಿದರು ಎಂದು ಅರ್ಧ ಬಿಟ್ಟರೆ, ಮತ್ತೆ ಸಂಜೆವರೆಗಿನದ್ದನ್ನೇ ಹೇಳಿದಂತಾಗುತ್ತದೆ ಎಂಬ ಭಯ ಅವರಿಗೆ. ಆಮೇಲೆ ಕಡತ ಬಿಚ್ಚಿ, ಪೊಲೀಸರು ಪೆಟ್ಟಿಗೆ ಜಪ್ತಿ ಮಾಡಿದಾಗ ಬರೆದ ಮಹಜರಿನ ಎರಡನೇ ಪುಟ ತೆಗೆಯುತ್ತಾರೆ. ಬೆಳಿಗ್ಗೆ ಏಳು ಗಂಟೆಗೆ ಕಡತ ಹೊಲಿಯುವಾಗ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದ ಒಂದು ಸಾಲು ಅಲ್ಲಿದೆ. ‘ಪೂರ್ತಿ ತುಕ್ಕು ಹಿಡಿದಿದ್ದ ಬೀಗವನ್ನು ಸುತ್ತಿಗೆಯಿಂದ ಒಡೆದು ತೆರೆಯಲಾಯಿತು.’ ಪೊಲೀಸರೇ ಬರೆದದ್ದು, ಅವರದೇ ಸಹಿ. ವರ್ಷಗಟ್ಟಲೆ ಯಾರೂ ತೆರೆಯದ ಪೆಟ್ಟಿಗೆಯೊಳಗೆ ಏನಿದೆ ಎಂದು ಈ ಹೆಂಗಸಿಗೆ ಹೇಗೆ ಗೊತ್ತಿರಬೇಕು ಎಂದು ಕೇಳಬಹುದು. ಗೊತ್ತಿಲ್ಲದ ವಸ್ತುವನ್ನು ಇಟ್ಟುಕೊಂಡಿದ್ದಳು ಎನ್ನುವುದು ಹೇಗೆ ಎಂದು ವಾದಿಸಬಹುದು. ವಕೀಲರನ್ನು ಕರೆದು ತೋರಿಸುತ್ತಾರೆ. ಅವರು ಕನ್ನಡಕ ಮೇಲೆತ್ತಿ ಓದಿ, ನಿಲ್ಲುವುದಕ್ಕೆ ಜಾಗ ಇದೆ, ಜಾಗ ಗಟ್ಟಿಯೋ ಇಲ್ಲವೋ ನಿಂತ ಮೇಲೇ ಗೊತ್ತಾಗಬೇಕು ಎನ್ನುತ್ತಾರೆ. ಅಷ್ಟೇ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳುತ್ತಾರೆ. ತೀರ್ಪು ಬರುವವರೆಗೆ ಮಗು ಅಜ್ಜಿಯ ಹತ್ತಿರವೇ ಇರುತ್ತದೆ, ಅಧಿಕಾರಿಯೊಬ್ಬರು ತಿಂಗಳಿಗೊಮ್ಮೆ ಮನೆಗೆ ಬಂದು ನೋಡುತ್ತಾರೆ. ಸೋತರೆ ಜೈಲೂ ಹೌದು, ಮಗು ಹೋಗುವುದೂ ಹೌದು.

ವಕೀಲರು ಹಾಲಿನೊಳಗೆ ಹೋದ ಮೇಲೆ ಅಜ್ಜಿ ಬಹಳ ಹೊತ್ತು ಕಾರಿಡಾರಿನ ಗಡಿಯಾರ ನೋಡುತ್ತ ಕೂರುತ್ತಾರೆ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರೆ.

“ನಿಮ್ಮ ಅಮ್ಮನೋ ಅಕ್ಕನೋ ಹೀಗೆ ಕೂತಿದ್ರೆ ಏನು ಹೇಳ್ತಿದ್ರಿ?”

“ಒಂದ್ಸಲ ಹೇಳಿದೀನಿ ಅಮ್ಮ. ಆಮೇಲೆ ಯಾರಿಗೂ ಹೇಳಿಲ್ಲ. ಓದ್ತೀನಿ ಅಷ್ಟೇ.” ಎಂದು, ಮೊದಲನೇ ಸಾಲಿಗೆ ಬೆರಳಿಟ್ಟು, “ಇದನ್ನ ನೀವೇ ಓದ್ಕೊಳ್ಳಿ,” ಎನ್ನುತ್ತಾರೆ.

ಅಜ್ಜಿ ಓದುತ್ತಾರೆ. ತಮ್ಮ ಮೈಮೇಲಿನ ಲಾಂಡ್ರಿಯ ನೀಲಿ ಅಂಗಿಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಮತ್ತೆ ಓದುತ್ತಾರೆ. ಯಾರ ಸಾಲು ಇದು ಎಂದು ಅವರಿಗೆ ಗೊತ್ತಿಲ್ಲ, ಹಾಳೆಯಮ್ಮ ಹೇಳುವುದೂ ಇಲ್ಲ.

ಜವಾನ ಹೆಸರು ಕೂಗಿದಾಗ ಹನ್ನೆರಡೂಕಾಲು. ಅಜ್ಜಿ ಎದ್ದು ಹಾಲಿನೊಳಗೆ ಹೋಗುತ್ತಾರೆ. ಸಹಿಯಿಲ್ಲದ ಅರ್ಜಿ ಬೆಂಚಿನ ಮೇಲೆಯೇ ಉಳಿಯುತ್ತದೆ. ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀರಾ ಎಂದು ನ್ಯಾಯಾಧೀಶರು ಕೇಳುತ್ತಾರೆ. ಕಟಕಟೆಯ ಮರವನ್ನು ಹಿಡಿದ ಎರಡು ಬಿಳಿಚಿದ ಕೈಗಳು ಬಾಗಿಲಿನಿಂದ ಕಾಣುತ್ತವೆ.

“ಆ ಬೀಗ ನಾನು ತೆಗೆದಿಲ್ಲ ಸ್ವಾಮಿ,” ಎನ್ನುತ್ತಾರೆ ಅಜ್ಜಿ. ಇನ್ನೂ ಏನೋ ಹೇಳಬೇಕು ಎನ್ನುವಂತೆ ನಿಂತು, “ತೆಗೆದಿದ್ದೇ ಇಲ್ಲ,” ಎಂದು ಮುಗಿಸುತ್ತಾರೆ.

ಸರ್ಕಾರಿ ವಕೀಲರು ಅಚ್ಚರಿಯಿಂದ ಕಡತ ಮಗುಚುತ್ತಾರೆ. ಜಾಮೀನು ಮುಂದುವರಿಯುತ್ತದೆ, ಮುಂದಿನ ತಾರೀಖು ನಾಲ್ಕು ತಿಂಗಳಿಗೆ. ಎಲ್ಲ ಸೇರಿ ಆರು ನಿಮಿಷ. ಹೊರಗೆ ಬಂದ ಅಜ್ಜಿ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುತ್ತಾರೆ, ಇನ್ನೊಮ್ಮೆ ತೊಳೆಯುತ್ತಾರೆ. ವಾಪಸ್ ಬಂದು ಹಾಳೆಯಮ್ಮನ ಮುಂದೆ ನಿಂತಾಗ ಅವರ ಮುಖದಲ್ಲಿ ಕೃತಜ್ಞತೆಯಿಲ್ಲ. ನೀವು ಓದದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಅರ್ಧ ಶಿಕ್ಷೆ ಮುಗಿದಿರುತ್ತಿತ್ತು ಎನ್ನುತ್ತಾರೆ. ಹಾಳೆಯಮ್ಮ ಹೌದು ಎನ್ನುತ್ತಾರೆ. ಇವತ್ತು ರಾತ್ರಿ ನನಗೆ ನಿದ್ದೆ ಬರೋಲ್ಲ ಎನ್ನುತ್ತಾರೆ ಅಜ್ಜಿ. ಹಾಳೆಯಮ್ಮ ಅದಕ್ಕೂ ಹೌದು ಎನ್ನುತ್ತಾರೆ. ಶಾಲೆ ಬಿಡುವ ಹೊತ್ತಿಗೆ ತಲುಪಬೇಕೆಂದು ಅಜ್ಜಿ ಬೇಗ ಬೇಗ ಹೆಜ್ಜೆ ಹಾಕಿ ಗೇಟು ದಾಟುತ್ತಾರೆ. ದಾರ ಕಟ್ಟಿದ ಕನ್ನಡಕ ಅವರ ಮೂಗಿನ ಮೇಲೆಯೇ ಇದೆ. ಜವಾನ ಕೂಗಿ ಕರೆಯಲು ಹೋದರೆ ಹಾಳೆಯಮ್ಮ ಬೇಡವೆಂದು ಕೈ ಮಾಡುತ್ತಾರೆ. ಮುಂದಿನ ತಾರೀಖಿನವರೆಗೆ ಅವರಿಗೆ ಬರುವ ಕಾಗದಗಳು ಬಹಳ ಇವೆ, ಓದಿಕೊಳ್ಳಲಿ ಎನ್ನುತ್ತಾರೆ.

ಮಧ್ಯಾಹ್ನದ ಮೇಲೆ ಇನ್ನಿಬ್ಬರಿಗೆ ಓದುತ್ತಾರೆ. ಇಬ್ಬರೂ ಸಹಿ ಹಾಕುತ್ತಾರೆ. ಒಬ್ಬ ಓದುವಾಗಲೆಲ್ಲ ಫೋನು ನೋಡುತ್ತಿದ್ದ. ಅವನಿಗೆ ಏಳರಿಂದ ಹತ್ತರವರೆಗಿನ ಸಾಲುಗಳನ್ನು ಮತ್ತೆ ಮೊದಲಿನಿಂದ ಓದಿದರು. ಐದೂಕಾಲಕ್ಕೆ ಕೋರ್ಟ್ ಎದ್ದಾಗ ಆ ಇಬ್ಬರೂ ಹಿಂದಿನ ಬೆಂಚಿನಿಂದ ಎದ್ದು, ಮೈಮುರಿದು, ನಗುತ್ತ ಹೊರಗೆ ಬಂದರು. ಆ ನಗುವನ್ನು ಹಾಳೆಯಮ್ಮ ನೋಡಲಿಲ್ಲ. ಅಷ್ಟು ಹೊತ್ತಿಗೆ ಕೋಣೆಯ ಬಾಗಿಲಿಗೆ ಬೀಗ ಹಾಕುತ್ತ ಬೆನ್ನು ತಿರುಗಿಸಿದ್ದರು. ಎರಡು ವರ್ಷಕ್ಕೆ ನಿವೃತ್ತಿ. ಹಾಳೆ ಯಾವ ಆದೇಶದಲ್ಲೂ ಇಲ್ಲದ್ದರಿಂದ ಅದನ್ನು ಯಾರಿಗೂ ವಹಿಸಿಕೊಡುವಂತಿಲ್ಲ. ಈ ಮಾತು ಬಂದಾಗ ಅವರು ಬೆಂಚಿನ ಕಾಲಿನ ರಟ್ಟಿನ ಬಗ್ಗೆ ಮಾತಾಡುತ್ತಾರೆ.

ಬಸ್ಸಿನಲ್ಲಿ ಮನೆಗೆ ಏಳು ಸ್ಟಾಪು. ಅವರು ಆರನೆಯದರಲ್ಲಿ ಇಳಿಯುತ್ತಾರೆ. ಅಲ್ಲೊಂದು ಬಸ್ ಡಿಪೊ ಇದೆ. ಹಿಂಭಾಗದಲ್ಲಿ ಗಾಡಿ ತೊಳೆಯುವ ಅಂಗಳ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ, ಕೂದಲು ಬೆಳ್ಳಗಾದ ಒಬ್ಬ ಮನುಷ್ಯ ಪೈಪಿನಿಂದ ಬಸ್ಸಿನ ಚಕ್ರಗಳಿಗೆ ನೀರು ಹಾಯಿಸುತ್ತಿದ್ದಾನೆ. ಗಾಡಿ ತೊಳೆಯುವವರಿಗೆ ಸಮವಸ್ತ್ರವಿಲ್ಲ. ಆತ ತೊಟ್ಟಿರುವುದು ಬಣ್ಣ ಮಾಸಿದ ಸ್ವಂತ ಅಂಗಿ. ತೋಳಿನ ಮೇಲೆ ಇಸ್ತ್ರಿಯ ಗೆರೆ ಮಾತ್ರ ಚಾಕುವಿನ ಅಲಗಿನಷ್ಟು ನೇರ. ಅಕ್ಕ ಬಂದದ್ದು ಕಂಡು ನೀರು ನಿಲ್ಲಿಸಿ, ಗೋಡೆ ಪಕ್ಕದ ಸ್ಟೂಲನ್ನು ತೋಳಿನಿಂದ ಒರೆಸಿ ಮುಂದೆ ಸರಿಸುತ್ತಾನೆ. ಇಬ್ಬರಿಗೂ ಚಹಾ ಬರುತ್ತದೆ. ತಮ್ಮನ ಹೆಂಡತಿಯ ಕೈರುಚಿಯನ್ನು ಹೊಗಳಲೇಬೇಕಲ್ಲ, ಅದಕ್ಕೇ ಮೊನ್ನೆ ಆಕೆ ಕಳಿಸಿದ ಉಪ್ಪಿಲ್ಲದ ಸೂಪನ್ನೂ ಅಕ್ಕ ಹೊಗಳಿದಳು ಎಂದು ಆತ ರೇಗಿಸುತ್ತಾನೆ. ಇಂಥವೇ ಮಾತುಗಳು. ಆತ ಕೋಣೆಗೆ ಬಂದು ಆ ಒಂದು ಮಾತು ಹೇಳಿಹೋದ ಮೇಲೆ ಹಳೆಯ ಆ ದಿನದ ಸುದ್ದಿ ಇಬ್ಬರ ನಡುವೆ ಬಂದಿಲ್ಲ. ಚಹಾ ಮುಗಿಯುವಾಗ ಮಾತ್ರ ಆತ ಒಂದು ಪ್ರಶ್ನೆ ಕೇಳುತ್ತಾನೆ. ಪ್ರತಿದಿನವೂ ಅದೊಂದೇ.

“ಇವತ್ತು ಯಾರಾದ್ರೂ ಹಾಕದೇ ಹೋದ್ರಾ?”

“ಒಬ್ಬಾಕೆ. ಅಜ್ಜಿ.”

“ಮೊದಲನೇದು ಓದಿದ್ರಾ ಅವರು?”

“ಎರಡು ಸಲ.”

ತಮ್ಮ ತಲೆಯಾಡಿಸುತ್ತಾನೆ. ಅಕ್ಕನ ಲೋಟವನ್ನೂ ತನ್ನ ಲೋಟವನ್ನೂ ತೊಳೆದು, ಬೋರಲು ಹಾಕಿ, ಮತ್ತೆ ಪೈಪು ಹಿಡಿಯುತ್ತಾನೆ. ಇನ್ನೂ ಹನ್ನೊಂದು ಬಸ್ಸುಗಳಿವೆ.

ಉಳಿದ ಒಂದು ಸ್ಟಾಪಿನ ದೂರವನ್ನು ಹಾಳೆಯಮ್ಮ ನಡೆದೇ ಹೋಗುತ್ತಾರೆ. ಚೀಲದಲ್ಲಿ ಬಿಸ್ಕತ್ತಿನ ಡಬ್ಬಿ ಅಲ್ಲಾಡಿ ಸದ್ದು ಮಾಡುತ್ತದೆ, ಒಂದು ಜೊತೆ ಕಡಿಮೆಯಾದ್ದರಿಂದ ಎಂದಿಗಿಂತ ಸ್ವಲ್ಪ ಹೆಚ್ಚಾಗಿ. ನಾಲ್ಕು ತಿಂಗಳು ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಾರೆ. ಆಮೇಲೆ ಎಷ್ಟು ತಾರೀಖುಗಳೋ. ಅಜ್ಜಿ ಗೆಲ್ಲಬೇಕು, ಗೆಲ್ಲಲಿಕ್ಕೂ ಸಾಕು. ಸೋತರೆ ಏನು ಎಂದು ಕೇಳಿದರೆ ನಡಿಗೆ ನಿಧಾನವಾಗುತ್ತದೆ.

“ಸೋತ್ರೆ ಆಯಮ್ಮ ಬಂದು ನನ್ನ ಬೈತಾರೆ. ಬೈಲಿ. ಕೂತು ಕೇಳ್ತೀನಿ, ಒಂದು ಮಾತೂ ಎದುರಾಡಲ್ಲ.” ಮನೆಯ ತಿರುವಿನಲ್ಲಿ ನಿಂತು, ಡಿಪೊ ಇರುವ ಕಡೆಗೆ ಒಮ್ಮೆ ತಿರುಗಿ ನೋಡುತ್ತಾರೆ. “ನನ್ನ ತಮ್ಮ ಇವತ್ತಿನವರೆಗೂ ಬೈದಿಲ್ಲ. ಒಂದು ದಿನ, ಒಂದೇ ಒಂದು ದಿನ, ಅವನು ನನ್ನ ಬಾಯ್ತುಂಬ ಬೈಬೇಕು. ನನಗೆ ಬೇಕಾಗಿರೋದು ಅಷ್ಟೇ.”